ಹಿಂದಿನ ಸೀಟಿನ ಕಾಲು

ಮನುಷ್ಯನ ಕಾಲು ಸೋಲುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಸೈಕಲ್ಲಿನ ಪೆಡಲಿಗೆ ಅದು ಗೊತ್ತಾಗಿಬಿಟ್ಟರೆ? ಅಂಥ ಪೆಡಲು ಬಂದಿದೆ ಎಂಬ ಸುದ್ದಿಯನ್ನು ನಮ್ಮ ಮನೆಗೆ ತಂದವರು ಸೈಕಲ್ ಕೋಚ್ ಮಾನೆ ಸರ್. ನಾನು ಒಲೆಯ ಮುಂದೆ ಸಜ್ಜಿರೊಟ್ಟಿ ಬಡಿಯುತ್ತಿದ್ದೆ. ಮಗ ಮುರಿಗೆಪ್ಪ ಪಡಸಾಲೆಯಲ್ಲಿ ಕೂತು ಚೈನನ್ನು ಬೆರಳಿನಿಂದ ಸವರಿ ಸವರಿ ಎಣ್ಣೆ ಹಾಕುತ್ತಿದ್ದ. ಸೊಸೆ ದಾಕ್ಷಾಣಿ ಅವನ ಎದುರಿಗೆ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದಳು.

"ಪಾವರ್ ಮೀಟರ್ ಇಲ್ದ ಇನ್ನ ನಡ್ಯಾಂಗಿಲ್ಲ ಮುರಿಗೆಪ್ಪ," ಎಂದರು ಮಾನೆ ಸರ್. "ಹೋದ ಸಲ ರೇಸಿನಾಗ ಪಂಜಾಬದವ್ರು ನಿಮ್ಮನ್ನ ಗಾಲಿಯಷ್ಟ ಅಂತರದಾಗ ಸೋಲಿಸಿದ್ರು. ಅವ್ರ ಕಾಲು ನಿಮಗಿಂತ ಗಟ್ಟಿ ಇರಲಿಲ್ಲ. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಅಂತ ಮೀಟರ್ ಹೇಳತಿತ್ತು ಅವ್ರಿಗೆ."

"ಬ್ಯಾಡ್ರಿ ಸರ್," ಎಂದ ಮುರಿಗೆಪ್ಪ. ತಲೆ ಎತ್ತಲಿಲ್ಲ.

"ಯಾಕ ಬ್ಯಾಡ?"

"ಬ್ಯಾಡಂದ್ರ ಬ್ಯಾಡ್ರಿ."

ನಮ್ಮ ವಿಜಾಪುರದ ಕಡೆ ಸೈಕಲ್ ಎಂದರೆ ಒಂದು ಹುಚ್ಚು. ಬೆಳಗ್ಗೆ ಹಾಲಿನವನಿಗಿಂತ ಮೊದಲು ರಸ್ತೆಗೆ ಬೀಳುವವರು ಸೈಕಲ್ಲಿನ ಹುಡುಗ ಹುಡುಗಿಯರು. ಆರನೇ ವಯಸ್ಸಿನಲ್ಲಿ ಜ್ವರ ಬಂದು ಮುರಿಗೆಪ್ಪನ ಕಣ್ಣು ಹೋದಾಗ ಅವನು ಅತ್ತಿದ್ದು ಕಣ್ಣಿಗಾಗಿ ಅಲ್ಲ, ಸೈಕಲ್ಲಿಗಾಗಿ. ಮುಂದೆ ಎಷ್ಟೋ ವರ್ಷಕ್ಕೆ ಎರಡು ಸೀಟಿನ ಸೈಕಲ್ ಬಂತು. ಕಣ್ಣಿಲ್ಲದವನು ಹಿಂದೆ ಕೂತು ತುಳಿಯಬೇಕು, ಕಣ್ಣಿದ್ದವರು ಮುಂದೆ ಕೂತು ತುಳಿಯುತ್ತ ಹ್ಯಾಂಡಲ್ ಹಿಡಿಯಬೇಕು. ಎರಡೂ ಜೋಡಿ ಪೆಡಲಿಗೆ ಒಂದೇ ಚೈನಿನ ಕಟ್ಟು. ಒಬ್ಬರ ಕಾಲು ತಿರುಗಿದರೆ ಇನ್ನೊಬ್ಬರದು ತಿರುಗಲೇಬೇಕು.

ಮುಂದೆ ಕೂರಲು ಯಾವ ಹುಡುಗನೂ ನಿಲ್ಲಲಿಲ್ಲ. ನಿಂತವಳು ದಾಕ್ಷಾಣಿ. ನನ್ನ ನಾದಿನಿಯ ಮಗಳು, ಮುರಿಗೆಪ್ಪನಿಗೆ ಸೋದರತ್ತೆಯ ಮಗಳು. ಮೊದಲು ಸೈಕಲ್ಲಿನ ಜೋಡಿಯಾದರು, ಆಮೇಲೆ ಮನೆಯ ಜೋಡಿ. ಸೈಕಲ್ ಮೇಲೆ ಕೂತಾಗ ಗಂಡನಿಗೆ 'ನೀ' ಅನ್ನುತ್ತಾಳೆ, ನೆಲಕ್ಕೆ ಇಳಿದ ಮೇಲೆ ನನ್ನ ಮುಖ ನೋಡಿ 'ರೀ' ಅನ್ನುತ್ತಾಳೆ. ಓಣಿಯವರು ನಗುತ್ತಿದ್ದರು. "ಏನ್ ಮುರಿಗೆಪ್ಪ, ಹೆಂಡ್ತಿ ಒಯ್ದಲ್ಲಿ ಹೋಗೂದಾತು ನಿಂದು." ಅವನು ಅನ್ನುತ್ತಿದ್ದ: "ನಿಮ್ಮನ್ನೂ ಹಂಗ ಒಯ್ತಾರ್ರೀ ಕಾಕಾ. ನಿಮ್ಮದಕ್ಕ ಗಾಲಿ ಇಲ್ಲ, ಅಷ್ಟ."

ಆ ದಿನ ಮಾನೆ ಸರ್ ಹೋದಮೇಲೆ ದಾಕ್ಷಾಣಿ ಶೇಂಗಾದ ಮೊರ ಬದಿಗೆ ಸರಿಸಿದಳು.

"ನಮ್ಮ ಕಡೀ ಅವಕಾಶ ಇದು. ಮಳಿಗಾಲ ಮುಗಿಯೂದ್ರೊಳಗ ತಂಡದ ಆಯ್ಕಿ ಆಗ್ತದ. ಯಾಕ ಒಲ್ಲೆ ಅಂತೀರಿ?"

"ನನ್ನ ಕಾಲಿನ ಲೆಕ್ಕ ಇನ್ನೊಬ್ರು ಇಡೂದು ನನಗ ಸೇರಂಗಿಲ್ಲ."

"ಇನ್ನೊಬ್ರ್ಯಾರು? ನಾನs ಇರ್ತೀನಲ್ಲ ಮುಂದ."

ಅವನು ಮತ್ತೆ ಚೈನಿಗೆ ಎಣ್ಣೆ ಹಾಕತೊಡಗಿದ. ಯಾಕೆ ಒಲ್ಲೆ ಅನ್ನುತ್ತಾನೆ ಎಂಬುದು ನನಗೆ ಗೊತ್ತಿದೆ ಎಂದುಕೊಂಡೆ. ಈ ಹೊಸ ಮೀಟರು ಬರೀ ತಾಕತ್ತು ಅಳೆಯುವುದಿಲ್ಲ, ಕಾಲಿಗೆ ಮುಂದೆ ಬರುವ ನರದ ಬೇನೆಯನ್ನೂ ಹೇಳುತ್ತದೆ ಎಂದು ಸರ್ ಆಡಿದ್ದರು. ನನ್ನ ಯಜಮಾನರು ಹೋದದ್ದು ಅದೇ ಬೇನೆಯಿಂದ. ನಲವತ್ತು ದಾಟುತ್ತಲೇ ಮೆಟ್ಟಿಲು ಹತ್ತುವಾಗ ಬಲಗಾಲು ಒಂದು ಕ್ಷಣ ಹಿಂದೆ ಉಳಿಯುತ್ತಿತ್ತು. ಚಪ್ಪಲಿ ತಾನೇ ಕಳಚಿ ಬೀಳುತ್ತಿತ್ತು. ಆಮೇಲೆ ಕೋಲು, ಆಮೇಲೆ ಹಾಸಿಗೆ. ಅಪ್ಪನ ಕಾಲನ್ನು ಒತ್ತಿ ಒತ್ತಿ ಬೆಳೆದ ಮಗ ಇವನು. ತನ್ನ ಕಾಲಿನ ಭವಿಷ್ಯ ಕೇಳಲು ಅಂಜುತ್ತಾನೆ ಎಂದು ತಿಳಿದೆ. ದಾಕ್ಷಾಣಿಯೂ ಹಾಗೇ ತಿಳಿದಳು.

ಅವಳು ಹಟ ಬಿಡಲಿಲ್ಲ. "ಹೋಗಿ ಕೇಳಿಯಾದರೂ ಬರೂಣು," ಎಂದು ನಮ್ಮಿಬ್ಬರನ್ನೂ ಹೊರಡಿಸಿದಳು.

ಸೊಲ್ಲಾಪುರ ರಸ್ತೆಯಲ್ಲಿ ಆಗ ಹೊಸದಾಗಿ ಒಂದು ಚಲನ ಸಂಶೋಧನಾ ಕೇಂದ್ರ ತೆರೆದಿತ್ತು. ಅಲ್ಲಿನ ಡಾಕ್ಟರ್ ನಫೀಸಾ ಇನಾಮದಾರ ನಮ್ಮ ಊರಿನ ಹುಡುಗಿಯೇ. ಕೋಟಿನ ಕೆಳಗೆ ಸಾದಾ ಚಪ್ಪಲಿ, ಮಾತಿನಲ್ಲಿ ವಿಜಾಪುರದ ಗಾಳಿ. ಕೈಯಲ್ಲಿ ಒಂದು ಪೆಡಲು ಹಿಡಿದು ಮುರಿಗೆಪ್ಪನ ಅಂಗೈಯಲ್ಲಿಟ್ಟರು.

"ಮುಟ್ಟಿ ನೋಡ್ರಿ. ಒಳಗ ಲೋಹದ ತೆಳ್ಳನ ಪಟ್ಟಿ ಅದ. ನೀವು ಒತ್ತಿದಾಗ ಅದು ಕಣ್ಣಿಗೆ ಕಾಣಲಾರದಷ್ಟು ಹಿಗ್ಗತದ. ಹಿಗ್ಗಿದ್ರ ಅದರಾಗ ಕರೆಂಟ್ ಹರಿಯೂದು ಬದಲಾಗತದ. ಅದರ ಮ್ಯಾಲ ನಿಮ್ಮ ಬಲ ಎಷ್ಟು ಅಂತ ತಿಳೀತದ. ಇಷ್ಟು ಹಳೇ ಮೀಟರಿನಾಗೂ ಇತ್ತು."

"ಹೊಸಾದ್ರಾಗ ಏನದ್ರಿ?" ಎಂದಳು ದಾಕ್ಷಾಣಿ.

"ಕಾಲು ಒಂದು ಸುತ್ತು ಹಾಕೂದ್ರಾಗ ಸಾವಿರ ಸಲ ಬರ್ಕೋತದ. ಸಾವಿರಾರು ಮಂದಿ ಸೈಕಲ್ಲಿನವರ ಒತ್ತನ್ನ ಇಪ್ಪತ್ತೈದು ವರ್ಷ ಕೂಡಿಟ್ಟಾರ. ಅವರೊಳಗ ಕೆಲವರಿಗೆ ಮುಂದ ನರದ ಬೇನಿ ಬಂತು. ತಿರುಗಿ ನೋಡಿದ್ರ, ಬೇನಿ ಕಾಣೂಕಿಂತ ಹತ್ತು ವರ್ಷ ಮೊದಲ ಅವರ ಒತ್ತಿನಾಗ ಒಂದು ಗುರುತು ಇತ್ತು. ಕಾಲು ಒಂದು ಕಡೆ ಸಣ್ಣಗ ತಪ್ಪತದ, ಮರುಕ್ಷಣ ಆ ತಪ್ಪು ತುಂಬಲಿಕ್ಕೆ ಝಟಕಿ ಹೊಡೀತದ. ತಪ್ಪುವುದು ಭಾಳ ಸಣ್ಣದು, ಹಿಡಿಯಾಕ ಬರಂಗಿಲ್ಲ. ಝಟಕಿ ಹಿಡಿಯಾಕ ಬರತದ. ಮಷೀನಿಗೆ ಅದನ್ನ ಕಲಿಸೀವಿ."

ಮುರಿಗೆಪ್ಪ ಪೆಡಲನ್ನು ತಿರುಗಿಸಿ ತಿರುಗಿಸಿ ಮುಟ್ಟುತ್ತಿದ್ದ. "ಮುಂದ ಕೂತವರದು, ಹಿಂದ ಕೂತವರದು ಬ್ಯಾರೆ ಬ್ಯಾರೆ ಹೇಳತದೇನ್ರಿ?"

"ಹೌದು. ಇಬ್ಬರದೂ ಬ್ಯಾರೆ. ಯಾರ ಪಾಲು ಎಷ್ಟು ಅಂತ ಕಿವಿಯೊಳಗ ಹೇಳತದ."

ಅವನು ಪೆಡಲನ್ನು ಮೇಜಿನ ಮೇಲೆ ಇಟ್ಟುಬಿಟ್ಟ. ಆಮೇಲೆ ದಾಕ್ಷಾಣಿಯ ಕಡೆ ಮುಖ ತಿರುಗಿಸಿ, "ನಿನಗ ಅಷ್ಟು ಬೇಕೇನು?" ಎಂದು ಕೇಳಿದ.

"ಬೇಕು," ಎಂದಳು.

"ಹಾಕ್ರಿ ಹಂಗಾದ್ರ," ಎಂದ.

ಮೀಟರು ಕೂತಿತು. ಮೊದಲ ವಾರ ಮನೆಯಲ್ಲಿ ಹಬ್ಬ. ಮೀಟರು ಇಬ್ಬರ ಕಿವಿಯಲ್ಲೂ ಮಾತಾಡುತ್ತಿತ್ತು. ಬಬಲೇಶ್ವರ ರಸ್ತೆಯಲ್ಲಿ ಹೋಗಿ ಬಂದವರೇ ಬೆವರು ಒರೆಸಿಕೊಳ್ಳುತ್ತ ಜಗಳ. "ಇವತ್ತ ನಂದು ಜಾಸ್ತಿ." "ನಿಂದೇನ್ ಜಾಸ್ತಿ, ಏರಿನಾಗ ಮಲಗಿದ್ದಿ." ಊಟಕ್ಕೆ ಕೂತರೂ ಅದೇ. "ಅತ್ತಿ, ಇವರಿಗೆ ಒಂದ ರೊಟ್ಟಿ ಹಾಕ್ರಿ, ಇವರ ಪಾಲಿನಷ್ಟ." ಅವರ ಓಟ ಚುರುಕಾಯಿತು. ಮಾನೆ ಸರ್ ಕೈಗಡಿಯಾರ ನೋಡಿ ನಗುತ್ತಿದ್ದರು. ಬೇಡ ಎಂದವನೇ ಈಗ ನಗುತ್ತಾನಲ್ಲ ಎಂದು ನನಗೂ ಸಮಾಧಾನ.

ಒಂದು ದಿನ ಕೇಂದ್ರದಿಂದ ಕರೆ ಬಂತು. ಮನೆಯವರೆಲ್ಲ ಬರಬೇಕು ಎಂದರು.

ನಫೀಸಾ ಡಾಕ್ಟರು ಆ ದಿನ ಚಹಾ ತರಿಸಿದರು. ಗೋಡೆಯ ಪರದೆಯ ಮೇಲೆ ಎರಡು ಗೆರೆ ಇದ್ದವು. ಮೇಲಿನದು ಕೆರೆಯ ನೀರಿನಂತೆ ಸಮ. ಕೆಳಗಿನದರಲ್ಲಿ ಸುತ್ತು ಸುತ್ತಿಗೆ ಒಂದು ಮುಳ್ಳು.

"ಮುಂದಿನ ಸೀಟಿನದು ಸ್ವಚ್ಛ ಅದ," ಎಂದರು. "ಹಿಂದಿನ ಸೀಟಿನ ಬಲಗಾಲಿನಾಗ ಗುರುತು ಸಿಕ್ಕದ. ಮನಿತನದಾಗ ಯಾರಿಗಾದ್ರೂ ಇತ್ತೇನ್ರಿ ಅಮ್ಮ?"

"ಇವರಪ್ಪಗ ಇತ್ತು," ಎಂದೆ.

"ದಾಕ್ಷಾಯಣಿಯವರ ಮನಿ ಕಡೆ?"

"ಅವರಪ್ಪನ ಕಡೆ ಯಾರಿಗೂ ಇಲ್ಲ. ಗಟ್ಟಿ ಮಂದಿ."

ಡಾಕ್ಟರು ತಲೆದೂಗಿದರು. ದಾಕ್ಷಾಣಿ ಗಂಡನ ಮುಂಗೈ ಹಿಡಿದಿದ್ದಳು. ಅವನ ಮುಖದಲ್ಲಿ ನಾನು ಅಂಜಿಕೆಯನ್ನು ಹುಡುಕಿದೆ. ಅಂಜಿಕೆ ಇರಲಿಲ್ಲ. ಪರದಾಟದಲ್ಲಿದ್ದವನಿಗೆ ಯಾರೋ ಬಂದು ದಾರಿ ಹೇಳಿದಂಥ ಒಂದು ಬೆಳಕು ಅಲ್ಲಿತ್ತು. ನನಗೆ ಅದು ತಿಳಿಯಲಿಲ್ಲ.

"ಖರೇನೇನ್ರಿ ಮೇಡಂ? ಹಿಂದಿನ ಸೀಟಂತ ಖರೇನಾ?" ಎಂದು ಎರಡು ಸಲ ಕೇಳಿದ.

"ಹೌದು. ಆದ್ರ ಕೇಳ್ರಿ, ನಿಮ್ಮ ತಂದಿ ಕಾಲ ಅಲ್ಲ ಇದು. ಇಷ್ಟು ಮೊದಲ ಸಿಕ್ರ ಔಷಧ ಅದ. ಸೂಜಿಮದ್ದು. ಬೇನಿ ಅಲ್ಲೇ ನಿಲ್ಲತದ. ಚಪ್ಪಲಿ ಕಳಚಿ ಬೀಳೂ ಹೊತ್ತಿಗೆ ಬಂದ್ರ ಉಪಯೋಗಿಲ್ಲ. ಔಷಧ ತರಸಾಕ ಒಂದ ವಾರ ಹಿಡೀತದ."

'ಔಷಧ ಅದ' ಎಂದಾಗ ಆ ಬೆಳಕು ಹೋಯಿತು. ಅದನ್ನೂ ನಾನು ನೋಡಿದೆ. ಅದೂ ತಿಳಿಯಲಿಲ್ಲ.

ಆ ವಾರ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ದಾಕ್ಷಾಣಿ ನೀರು ಕಾಯಿಸಿ ಗಂಡನ ಕಾಲು ತೊಳೆದಳು. ಅಂಥ ಸೇವೆ ಮಾಡಿಸಿಕೊಂಡವನಲ್ಲ ಅವನು, ಸುಮ್ಮನೆ ಕಾಲು ಕೊಟ್ಟ. ನಾನು ಅವನ ತಾಟಿಗೆ ತುಪ್ಪ ಹೆಚ್ಚು ಹಾಕಿದೆ. ಅವನು ಅರ್ಧ ರೊಟ್ಟಿ ತಿಂದು ಎದ್ದ. ಹಿತ್ತಲಲ್ಲಿ ದಾಕ್ಷಾಣಿ ಅಳುತ್ತಿದ್ದಳು.

"ನಾ ಹಟಾ ಮಾಡಿ ಹಾಕಿಸಿದ್ದು ಅತ್ತಿ. ಬ್ಯಾಡ ಬ್ಯಾಡ ಅಂದ್ರು."

"ಹಾಕಿಸಿದ್ದಕ್ಕ ಔಷಧ ಸಿಗಾಕತ್ತದ. ಅಳಬ್ಯಾಡ," ಎಂದೆ.

"ಇನ್ನ ಹಿಂದ ಕುಂದ್ರೂದು ಅವರಿಗೆ ಆಗಲಿಲ್ಲಂದ್ರ ನಾನೂ ಮುಂದ ಕುಂದ್ರಂಗಿಲ್ಲ. ಬ್ಯಾರೆಯವರನ್ನ ಹಿಂದ ಕೂಡಿಸ್ಕೊಂಡು ಓಡಿಸೂದು ನನಗ ಬ್ಯಾಡ."

ಮುರಿಗೆಪ್ಪ ಆ ದಿನಗಳಲ್ಲಿ ಸೈಕಲ್ಲಿನ ಪಕ್ಕವೇ ಕೂತಿರುತ್ತಿದ್ದ. ಹಿಂದಿನ ಪೆಡಲನ್ನು ಕೈಯಿಂದ ತಿರುಗಿಸುವನು, ಮುಂದಿನ ಪೆಡಲು ತಿರುಗುವ ಸಪ್ಪಳ ಕೇಳುವನು. ಮತ್ತೆ ತಿರುಗಿಸುವನು. ತುಟಿ ಅಲ್ಲಾಡುತ್ತಿತ್ತು. ದೇವರ ಹೆಸರು ಹೇಳುತ್ತಾನೆ ಎಂದುಕೊಂಡು ನಾನು ಒಳಗೆ ಹೋಗುತ್ತಿದ್ದೆ.

ವಾರ ಕಳೆದು ಕೇಂದ್ರಕ್ಕೆ ಹೋದೆವು. ಬಿಳೀ ಮಂಚ, ಅದರ ಪಕ್ಕದ ತಟ್ಟೆಯಲ್ಲಿ ಸಣ್ಣ ಬಾಟಲಿ. ನರ್ಸು ಮುರಿಗೆಪ್ಪನ ತೋಳಿಗೆ ಸ್ಪಿರಿಟ್ ಸವರಿದಳು. ಡಾಕ್ಟರು ಸೂಜಿ ಎತ್ತಿದರು. ಅವನು ತೋಳು ಹಿಂದಕ್ಕೆ ತೆಗೆದುಕೊಂಡ.

"ಸೂಜಿಗೆ ಅಂಜಿಕೇನು ಮುರಿಗೆಪ್ಪ?" ಎಂದು ಡಾಕ್ಟರು ನಕ್ಕರು.

"ಆ ಔಷಧ ನನಗ ಹಾಕಬ್ಯಾಡ್ರಿ ಮೇಡಂ. ನಂದಲ್ಲ ಅದು."

"ಅಂದ್ರ?"

"ತಪ್ಪೂ ಕಾಲು ಮುಂದಿನ ಸೀಟಿನಾಗ ಅದ."

ಅವನು ಮುಖ ನೆಲಕ್ಕೆ ಮಾಡಿ ಹೇಳಿದ.

"ಹೋದ ಬ್ಯಾಸಗಿಯಿಂದ ಅದ್ರಿ. ಬಲಗಾಲು ಮ್ಯಾಲ ಬಂದು ಕೆಳಗ ಇಳಿಯೂವಾಗ ಅಕೀದು ಒಂದು ಎಳಿಯಷ್ಟು ಹಿಂದ ಉಳೀತದ. ಅಕೀಗೆ ಗೊತ್ತಿಲ್ಲ. ನನಗ ಚೈನಿನಾಗ ಗೊತ್ತಾತು. ಅಪ್ಪನ ಕಾಲು ಹಂಗ ಇತ್ತು. ಅಕೀಗೆ ಗೊತ್ತಾಗಬಾರದಂತ ನಾ ಅಲ್ಲೇ ಒತ್ತಿ ತುಂಬಕೋತ ಬಂದೀನಿ. ಈಗ ಅಕೀದು ತಡೆದ ಕೂಡ್ಲೆ ಒತ್ತೂದು ನನ್ನ ಕಾಲಿಗೆ ರೂಢಿ ಆಗಿಬಿಟ್ಟದ."

ಡಾಕ್ಟರು ಸೂಜಿಯನ್ನು ತಟ್ಟೆಯಲ್ಲಿಟ್ಟು ಕುರ್ಚಿಯಲ್ಲಿ ಕೂತರು. "ಯಾ ಅಲ್ಲಾ," ಎಂದರು ಮೆಲ್ಲಗೆ. "ಒಬ್ಬನ ಮೈಯಾಗ ತಪ್ಪೂ ಕಾಲೂ ಅದೇ, ತುಂಬೂ ಕಾಲೂ ಅದೇ. ಮಷೀನಿಗೆ ನಾವು ತೋರಿಸಿದ್ದೆಲ್ಲ ಒಂಟಿ ಸೈಕಲ್ಲಿನವರನ್ನ. ಒಬ್ಬರದು ತಪ್ಪಿ ಇನ್ನೊಬ್ಬರು ತುಂಬತಾರಂತ ಅದಕ್ಕ ಯಾರು ಹೇಳ್ಬೇಕು?"

ಅಲ್ಲೇ ನಿಂತಲ್ಲಿ ಓಡುವ ಸೈಕಲ್ ಇತ್ತು. ಮೊದಲು ಮುರಿಗೆಪ್ಪನನ್ನು ಒಬ್ಬನೇ ಹತ್ತಿಸಿದರು. ಗೆರೆ ಸಮವಾಗಿ ಬಂತು. ಮುಳ್ಳು ಇರಲಿಲ್ಲ. ಆಮೇಲೆ ದಾಕ್ಷಾಣಿ ಹತ್ತಿದಳು. ಒಬ್ಬಳೇ ತುಳಿದು ವರ್ಷವಾಗಿತ್ತೇನೋ. ಸ್ವಲ್ಪ ಹೊತ್ತಿನಲ್ಲೇ ಪರದೆಯ ಮೇಲೆ ಮುಳ್ಳು ಎದ್ದಿತು. ಒಂದು ಸುತ್ತಿಗೆ ಒಂದು.

ಅವಳು ತುಳಿಯುತ್ತಲೇ ಇದ್ದಳು, ಪರದೆ ನೋಡುತ್ತ.

ಆಗ ನನಗೆ ತಿಳಿಯಿತು. ಡಾಕ್ಟರು ಕೇಳಿದಾಗ ನಾನು ಅವಳ ಅಪ್ಪನ ಮನೆಯನ್ನು ನೆನೆದೆ. ಅವಳ ತಾಯಿ ನನ್ನ ಯಜಮಾನರ ಒಡಹುಟ್ಟಿದವಳು. ಅದೇ ರಕ್ತ. ಕೊಟ್ಟ ಹೆಣ್ಣು ಕೊಟ್ಟ ಮನೆಯವಳು, ಅವಳ ಮಕ್ಕಳು ಆ ಮನೆಯವರು ಎಂದು ನಮ್ಮಲ್ಲಿ ಹೇಳಿ ಹೇಳಿ ಬಾಯಿಗೆ ಕೂತಿದೆ. ತಂದುಕೊಂಡ ಸೊಸೆಗೆ ಈ ಮನೆಯ ಬೇನೆಯೂ ಬಂದಿರಬಹುದು ಎಂದು ಒಂದು ದಿನವೂ ಹೊಳೆಯಲಿಲ್ಲ. ಮನೆತನ ಹೇಳು ಎಂದರೆ ಗಂಡು ಮಕ್ಕಳನ್ನು ಎಣಿಸಿದೆ. ನನ್ನ ಪಕ್ಕ ಕೂತವಳನ್ನು ಎಣಿಸಲಿಲ್ಲ.

"ಅವಳ ಅವ್ವ ನಮ್ಮ ಮನಿ ಮಗಳ್ರೀ," ಎಂದೆ ಡಾಕ್ಟರಿಗೆ.

ಅವರು ನನ್ನ ಬೆನ್ನ ಮೇಲೆ ಕೈ ಇಟ್ಟರು. "ನಾನೂ ಕೇಳಲಿಲ್ಲ ಅಮ್ಮ. ಕೇಳಬೇಕಾಗಿತ್ತು."

ದಾಕ್ಷಾಣಿ ಇಳಿದಳು. ನೇರ ಗಂಡನ ಮುಂದೆ ಹೋಗಿ ನಿಂತಳು. ನೆಲದ ಮೇಲೆ, ಎಲ್ಲರ ಎದುರಿಗೆ 'ನೀ' ಅಂದಳು.

"ನನ್ನ ಕಾಲಿನ ಸುದ್ದಿ ನಿನಗ ಒಂದು ವರ್ಷದಿಂದ ಗೊತ್ತಿತ್ತು."

"ಹ್ಞೂಂ."

"ನನಗ ಹೇಳಲಿಲ್ಲ."

"ಹೇಳಿ ಏನ್ ಮಾಡ್ಲಿ? ಅಪ್ಪಗ ಔಷಧ ಇರಲಿಲ್ಲ. ನಿನಗೂ ಇಲ್ಲಂತ ತಿಳಿದೆ. ಇದ್ದಷ್ಟು ದಿನ ನೀ ಹಗುರ ಇರು ಅಂತ ಮಾಡಿದೆ."

"ಔಷಧ ಅದ ಅಂತ ಗೊತ್ತಾಗಿ ಒಂದು ವಾರ ಆತು. ಆಗೂ ಯಾಕ ಹೇಳಲಿಲ್ಲ?"

"ಮಷೀನ್ ಹೇಳಿದ್ದು ಖರೆ ಇರಲಿ ಅಂತ ಬೇಡ್ಕೊಂಡೆ ದಾಕ್ಷಾ. ನನ್ನ ಕಾಲಿನಾಗ ಇರಲಿ, ನನಗs ಭ್ರಮಾ ಆಗಿರ್ಲಿ ಅಂತ. ದಿನಾ ಪೆಡಲ್ ತಿರುವಿ ನೋಡಿದೆ. ಒಪ್ಪಿಕೊಳ್ಳಾಕ ಇವತ್ತಿನ ತನಕ ಬೇಕಾತು."

ಅವಳು ಅವನ ಎದೆಗೆ ಒಂದು ಗುದ್ದು ಹಾಕಿದಳು. ಆಮೇಲೆ ಅದೇ ಮುಷ್ಟಿಯನ್ನು ಬಿಚ್ಚಿ ಅವನ ಅಂಗಿ ಹಿಡಿದು ನಿಂತಳು. ನರ್ಸು ಆ ಕಡೆ ಮುಖ ಮಾಡಿದಳು. ನಫೀಸಾ ಡಾಕ್ಟರು ಕನ್ನಡಕ ಒರೆಸಿಕೊಂಡರು, ಒರೆಸುವಂಥ ಧೂಳು ಅದರ ಮೇಲೆ ಇರಲಿಲ್ಲ.

ಆ ದಿನವೇ ಸೂಜಿ ದಾಕ್ಷಾಣಿಯ ತೋಳಿಗೆ ಬಿತ್ತು.

"ಔಷಧ ಒಂದs ಸಾಲಂಗಿಲ್ಲ," ಎಂದರು ಡಾಕ್ಟರು. "ಆ ನರಕ್ಕ ಕೆಲಸ ಬೇಕು. ತಪ್ಪೂ ಜಾಗದಾಗ ಕಾಲು ತಾನs ಕಲೀಬೇಕು. ಯಾರರ ತುಂಬಿಕೊಟ್ರ ಅದು ಮಲಗಿಬಿಡತದ."

ಮುರಿಗೆಪ್ಪ ಮುಖ ಸಣ್ಣದು ಮಾಡಿಕೊಂಡ.

"ಅಂದ್ರ ಒಂದು ವರ್ಷ ನಾನs ಅದನ್ನ ಮಲಗಿಸಿದೆ ಏನ್ರಿ?"

"ನಿಮ್ಮ ಝಟಕಿ ಇರಲಿಲ್ಲಂದ್ರ ಮಷೀನ್ ನಮ್ಮನ್ನ ಕರೀತಿರಲಿಲ್ಲ," ಎಂದರು ಡಾಕ್ಟರು. "ಆ ಲೆಕ್ಕ ಬಿಡ್ರಿ."

ಮನೆಗೆ ಬಂದಮೇಲೆ ಮಾನೆ ಸರ್ ಬಂದರು. ಎಲ್ಲ ಕೇಳಿ ತಲೆ ಹಿಡಿದು ಕೂತರು. ಸೈಕಲ್ ಬಿಡುವುದೋ, ಒಂಟಿ ಸೈಕಲ್ಲಿನ ಮೇಲೆ ದಾಕ್ಷಾಣಿ ತಾಲೀಮು ಮಾಡುವುದೋ, ಮುರಿಗೆಪ್ಪನ ಮುಂದೆ ಬೇರೆ ಹುಡುಗನನ್ನು ಕೂಡಿಸುವುದೋ, ಮೀಟರು ಇರಬೇಕೋ ಬೇಡವೋ. ಒಬ್ಬೊಬ್ಬರು ಒಂದೊಂದು ಹೇಳಿದೆವು. ಮುರಿಗೆಪ್ಪ ಮತ್ತೆ, "ಮೀಟರ್ ತಗದ ಒಗೀರಿ ಮೊದಲ," ಎಂದ.

ದಾಕ್ಷಾಣಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ಮುಂದಿಂದು ಇರ್ತದ ಸರ್. ನನ್ನ ಕಾಲು ಎಲ್ಲಿ ತಪ್ಪತದ ಅಂತ ನನಗ ಗೊತ್ತಾಗಬೇಕು. ಹಿಂದಿಂದು ತಗೀರಿ."

"ಯಾಕವ್ವ? ಇಬ್ಬರದೂ ಇದ್ರ ಲೆಕ್ಕ ಪೂರ್ತಿ ಸಿಗತದ."

"ಇವರು ನನ್ನ ಸಲುವಾಗಿ ಎಷ್ಟು ಒತ್ತತಾರಂತ ಯಾವ ಮಷೀನೂ ನನ್ನ ಕಿವಿಯಾಗ ಹೇಳೂದು ಬ್ಯಾಡ." ಗಂಡನ ಕಡೆ ತಿರುಗಿದಳು. "ಇನ್ನೊಂದು. ತಾಲೀಮಿನಾಗ ತುಂಬಬಾರದು. ಸೈಕಲ್ ಕುಂಟಲಿ, ನಿಂತು ಹೋಗಲಿ, ತುಂಬಬಾರದು. ರೇಸಿನ ದಿನ ತುಂಬು. ಅವತ್ತ ನಾ ಏನೂ ಕೇಳಂಗಿಲ್ಲ."

"ನನ್ನ ಕಾಲು ಕೇಳಂಗಿಲ್ಲ ದಾಕ್ಷಾ. ತಾನs ಒತ್ತತದ."

"ಕಲಿಸು ಅದಕ್ಕ."

ಮಾನೆ ಸರ್ ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದರು. ನಾನು ಸ್ಪ್ಯಾನರ್ ತಂದು ಅವರ ಕೈಗೆ ಕೊಟ್ಟೆ.

ಮರುದಿನ ಸೂರ್ಯ ಹುಟ್ಟುವಾಗ ನಾನೂ ಹೋದೆ. ಬಬಲೇಶ್ವರ ರಸ್ತೆಯ ಸಣ್ಣ ಏರಿನ ಹತ್ತಿರ ಮಾನೆ ಸರ್ ತಮ್ಮ ಗಾಡಿ ನಿಲ್ಲಿಸಿದರು. ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ತೋಟ, ಎಲೆಯ ಮೇಲೆ ಇನ್ನೂ ಹನಿ. ಎರಡು ಸೀಟಿನ ಸೈಕಲ್ ಕೆಳಗಿನಿಂದ ಬರುವುದು ಕಂಡಿತು. ಎಷ್ಟೋ ವರ್ಷದಿಂದ ನಾನು ನೋಡಿದ ಸೈಕಲ್ ಅಲ್ಲ ಅದು. ಅದು ಹಾವಿನಂತೆ ಹರಿದು ಬರುತ್ತಿತ್ತು, ಇದು ಒಂದೊಂದು ಸುತ್ತಿಗೂ ತಡವರಿಸಿ, ಮುಗ್ಗರಿಸಿ, ಮತ್ತೆ ಹೊರಡುತ್ತಿತ್ತು. ಎದುರಿನಿಂದ ಬಂದ ಹಾಲಿನ ಗಾಡಿಯವನು ಬದಿಗೆ ನಿಂತು ಕೂಗಿದ.

"ಏ ತಂಗೀ, ಮುಂಜಾಲೇನ ಗಂಡನ ಕೂಡ ಜಗಳೇನು?"

"ಹೌದ್ರೀ ಅಣ್ಣ! ದೊಡ್ಡ ಜಗಳ!" ಎಂದಳು. ಮುಖ ಕೆಂಪಾಗಿತ್ತು, ಹಲ್ಲು ಕಚ್ಚಿದ್ದಳು.

ಏರು ಹತ್ತುವಾಗ ಸೈಕಲ್ ಇನ್ನೇನು ನಿಂತಿತು ಎನ್ನುವಷ್ಟರಲ್ಲಿ ಥಟ್ಟನೆ ಹಗುರಾಗಿ ಮುಂದೆ ಸರಿಯಿತು.

"ತುಂಬಿದಿ ನೋಡು!"

"ಇಲ್ಲ."

"ಸುಳ್ಳ ಹೇಳಬ್ಯಾಡ."

"ಒಂದ ಸಲ ಅಷ್ಟ."

"ಒಂದ ಸಲನೂ ಬ್ಯಾಡಂದೀನಿ."

ಅವರು ನನ್ನ ಮುಂದೆಯೇ ಹಾದರು. ಮಗನ ಕಾಲನ್ನು ನಾನು ನೋಡಿದೆ. ಪೆಡಲಿನ ಮೇಲೆ ಪಾದಗಳನ್ನು ಬರೀ ಇಟ್ಟಿದ್ದ, ಅವು ಅವಳ ತಾಕತ್ತಿನ ಮೇಲೆ ತಿರುಗುತ್ತಿದ್ದವು. ಒತ್ತದೆ ಹಿಡಿದುಕೊಂಡಿದ್ದಕ್ಕೆ ಅವನ ತೊಡೆ ಗದಗದ ನಡುಗುತ್ತಿತ್ತು. ಬೆವರು ಅವನಿಗೇ ಹೆಚ್ಚು ಬಂದಿತ್ತು. ಮುಂದಿನ ಸೀಟಿನಲ್ಲಿ ಬಲಗಾಲು ಮೇಲೆ ಬಂತು, ಒಂದು ಎಳೆಯಷ್ಟು ತಡೆಯಿತು, ಇಳಿಯಿತು. ಮತ್ತೆ ಬಂತು, ತಡೆಯಿತು, ಇಳಿಯಿತು. ಹಾಗೆಯೇ ಏರಿನ ತಲೆ ಮುಟ್ಟುವ ತನಕ ಅವಳೊಬ್ಬಳೇ ಅವನನ್ನು ಎಳೆದುಕೊಂಡು ಹೋದಳು.